ದಾಸನಕೊಪ್ಪದಿಂದ ವಿಯೆನ್ನಾಕ್ಕೆ

ಹಲೋ… ಹಲೋ, ಯಾರು ಮಾತಾಡೋದು?… ಬೊಂಬಾಯಿಯಿಂದಾ? ಹಾಂ, ಇದು ಶಿರಸಿ ಪೋಸ್ಟಾಫೀಸೇ. ನಾನು ನೂರ್ ಅಹ್ಮದ್. ಮೋಟಾರು ಸ್ಟ್ಯಾಂಡಿನಿಂದ ಕರೆಸಿದ್ರು, ಬಂದೆ… ಯಾರು?…

ಓ, ಹುಲೇಕಲ್ಲಿನ ಮಂಜಪ್ಪ ಹೆಗಡೇರು. ಇಲ್ಲ, ನಿಮ್ಮ ದನಿ ನಾನು ಮರೆಯೋದಿಲ್ಲ. ಹೇಳಿ…

ವಿಯೆನ್ನಾಕ್ಕಾ? ನಿಮ್ಮ ಮನೆಯೊಡತಿ ಅಮ್ಮನವರ ಬೆನ್ನುನೋವಿಗೆ ಅಷ್ಟು ದೂರ ಹೋಗ್ಬೇಕು ಅಂದ್ರಾ ಡಾಕ್ಟರು?… ಹಾಂ… ಜಿನೀವಾದಲ್ಲಿ ಒಬ್ಬರು, ಜ್ಯೂರಿಕ್‌ನಲ್ಲಿ ಒಬ್ಬರು, ಆಮೇಲೆ ವಿಯೆನ್ನಾ. ಹಡಗು ಇಳಿಯೋದು ಫ್ರಾನ್ಸಿನ ಮಾರ್ಸೇಲ್ಸಿನಲ್ಲಿ, ಅಲ್ವಾ? ಅಲ್ಲಿಂದ ಮುಂದೆ ರೈಲೋ ಕಾರೋ. ಅದನ್ನ ನನ್ನ ಹತ್ರ ಕೇಳ್ತಿದ್ದೀರಿ…

ಸರಿ. ಹದಿನಾಲ್ಕರ ಲಡಾಯಿಯಲ್ಲಿ ಎರಡು ವರ್ಷ ಫ್ರಾನ್ಸಿನಲ್ಲಿ ಲಾರಿ ಓಡಿಸಿದವ ಈ ಸೀಮೆಯಲ್ಲಿ ನಾನೊಬ್ಬನೇ. ಕಾರನ್ನೂ ಹಡಗಿಗೆ ಹತ್ತಿಸ್ಬೇಕೋ ಬೇಡವೋ, ಇವತ್ತೇ ಟಿಕೆಟ್ ಕಚೇರಿಗೆ ತಿಳಿಸ್ಬೇಕಾ?… ಹಾಗಾದ್ರೆ ಕೇಳಿ. ಸುಳ್ಳು ಹೇಳೋದಿಲ್ಲ.

ರೈಲು ಬೇಡ. ಮೂರು ಕಡೆ ಗಾಡಿ ಬದಲಿಸ್ಬೇಕು. ಮೆಟ್ಟಿಲು ಎತ್ತರ. ಗಾಯದವರನ್ನ ನಾವು ಕಿಟಕಿಯಿಂದ ಒಳಗೆ ದೂಡ್ತಿದ್ದೆವು… ಮತ್ತೆ ಊಟ. ರೈಲಿನ ಊಟದ ಬೋಗಿಯಲ್ಲಿ ಎಂತ ಬೇಯಿಸ್ತಾರೆ ಅಂತ ನಿಮ್ಮ ಕಿವಿಗೆ ಹಾಕೋದಿಲ್ಲ. ಒಲೆ ಹಚ್ಚೋದಕ್ಕೆ ಬಿಡೋದಿಲ್ಲ. ನಿಮ್ಮ ಅಡುಗೆ ಭಟ್ಟರು ಮಡಿ ಉಟ್ಟು ಸುಮ್ಮನೆ ಕೂತಿರ್ಬೇಕು, ಅಷ್ಟೇ…

ಹೌದು, ಕಾರೇ ಸರಿ. ಹಿಂದಿನ ಸೀಟಿಗೆ ಹಾಸಿಗೆ ಹಾಸಿ ಅಮ್ಮನವರನ್ನ ಮಲಗಿಸಬಹುದು. ಬೇಕಾದಲ್ಲಿ ನಿಲ್ಲಿಸಿ ಸ್ಟವ್ ಹಚ್ಚಬಹುದು. ಜೂನ್ ಆದ್ರೆ ಅಲ್ಲಿಯ ಘಟ್ಟದ ಮೇಲಿನ ಹಿಮಾನೂ ಕರಗಿರ್ತದೆ. ಓಡಿಸೋದು ಯಾರು, ನಿಮ್ಮ ಡ್ರೈವರ್ ಕೆರಿಯಪ್ಪನಾ? ಅಲ್ಲಿ ರಸ್ತೆಯ ಬಲಗಡೆ ಓಡಿಸ್ಬೇಕು. ಅವ ದೇವಿಮನೆ ಘಟ್ಟದಲ್ಲೇ ಎದುರು ಗಾಡಿ ಬಂದ್ರೆ ಕಣ್ಣು ಮುಚ್ಚುವವ…

ನಾನಾ?…

ಸಂಬಳದ ಮಾತು ಆಮೇಲೆ. ಎರಡು ತಿಂಗಳು ನಿಮ್ಮ ಕಾರಿನಲ್ಲಿ ನಾನು ಕೂತ್ರೆ ಮೈಲಿಗೆ ಆಗೋದಿಲ್ವಾ?… ಹಾಂ? ಡ್ರೈವರ್ ಸೀಟಿಗೆ ಮೈಲಿಗೆ ಇಲ್ಲ, ಹಿಂದಿನದಕ್ಕೆ ಮಾತ್ರ?… ನಗಬೇಡಿ. ನಾನು ನಗ್ತಾ ಇಲ್ಲ…

ಬದ್ರುನ್ನಿಸಾ ನೆನಪಿದ್ದಾಳಾ?… ನನ್ನ ತಂಗಿ. ಸನ್ ಮೂವತ್ತೆರಡರಲ್ಲಿ ದಾಸನಕೊಪ್ಪದಲ್ಲಿ ಎರಡು ದಿನ ಹೆರಿಗೆ ನೋವು ತಿಂದಳು. ನನ್ನ ಬಸ್ಸು ಆಕ್ಸಲ್ ಮುರಿದು ಯಲ್ಲಾಪುರದಲ್ಲಿ ಬಿದ್ದಿತ್ತು. ನಿಮ್ಮ ಇದೇ ಕಾರು ಅಲ್ಲಿ ಅಂಗಡಿ ಎದುರು ನಿಂತಿತ್ತು. ಶಿರಸಿ ಆಸ್ಪತ್ರೆಗೆ ಬಿಡಿ ಅಂತ ಕೈ ಮುಗಿದೆ. ನೀವು ಎಂತ ಹೇಳಿದ್ರಿ?…

ಮರೆತು ಹೋಯ್ತಾ? ‘ಹೆರಿಗೆ ಹೆಂಗಸು, ಸೀಟು ಮೈಲಿಗೆ ಆಗ್ತದೆ, ಎತ್ತಿನ ಗಾಡಿ ನೋಡು’ ಅಂದ್ರಿ. ನೋಡ್ದೆ. ಅರ್ಧ ದಾರಿಯಲ್ಲಿ ಅವಳು ಕೂಗೋದು ನಿಲ್ಲಿಸಿದಳು. ಅವಳಿಗೆ ನೋವು ಕಡಿಮೆ ಆಯ್ತು ಅಂತ ನನಗೆ ಅನಿಸ್ತು…

ಅಮ್ಮನವರು ಏನೂ ಮಾಡಿಲ್ಲ, ಗೊತ್ತು. ಬದ್ರುನ್ನಿಸಾ ಏನು ಮಾಡಿದ್ದಳು?…

ಬರೋದಿಲ್ಲ ಅಂತ ಯಾರು ಹೇಳಿದ್ರು? ಒಂದು ಮಾತಿನ ಮೇಲೆ ಬರ್ತೇನೆ. ಅಮ್ಮನವರು ಪಕ್ಕದಲ್ಲೇ ಇದ್ದಾರಾ?… ಅವರಿಗೆ ಆ ಸಂಗತಿ ಗೊತ್ತಿಲ್ಲ, ಅಲ್ವಾ?… ಹಾಂ. ಹಾಗಾದ್ರೆ ಈಗ ಅವರಿಗೆ ಹೇಳಿ. ಅವತ್ತು ಆಡಿದ ಮಾತು, ಒಂದಕ್ಷರ ಬಿಡದೆ, ನನಗೂ ಕೇಳುವ ಹಾಗೆ…

ಕಾಗದ ಬೇಡ. ಊರಿಗೆ ಬಂದ ಮೇಲೆ ಬೇಡ. ಈಗ…

ಅವರ ಮನಸ್ಸಿಗೆ ನೋವಾಗ್ತದೆ ಅಂತ ಗೊತ್ತು. ಅದಕ್ಕೇ ಕೇಳ್ತಿರೋದು…

ಯಾರದು, ಎಕ್ಸ್‌ಚೇಂಜಿನವರಾ?… ಮೂರು ನಿಮಿಷ ಮುಗೀತಾ? ಇನ್ನು ಮೂರು ಕೊಡಿ. ಹೆಗಡೇರು ಹೇಳೋದು ಬಾಕಿ ಇದೆ…

ಕಾಯ್ತಿದ್ದೇನೆ… ಹಾಂ, ‘ಸುಬ್ಬಲಕ್ಷ್ಮೀ’… ಕೇಳಿಸ್ತು. ಮುಂದೆ?… ‘ಸಾಬರ ಹುಡುಗಿ ಒಬ್ಬಳು’… ಅವಳಿಗೆ ಹೆಸರು ಇದೆ, ಹೆಗಡೇರೇ. ಈಗ ತಾನೇ ಹೇಳಿದೆ… ಹಾಂ, ಹಾಗೆ… ಜೋರಾಗಿ… ಮುಂದೆ?… ಹಾಂ… ಹಾಂ…

ಹಲೋ?… ಫೋನು ಯಾರ ಕೈಗೆ ಕೊಟ್ರಿ?…

ಅಮ್ಮಾ? ನೀವಾ?… ಹೌದು, ನಿಜ… ಮಗುವೂ… ಹೌದು… ಇಲ್ಲ ಅಮ್ಮಾ, ನಿಮ್ಮ ಮೇಲೆ ನನಗೆ… ಏನಂದ್ರಿ?…

ಆ ಸೀಟಿನಲ್ಲಿ ಮಲಗೋದಿಲ್ಲ ಅಂದ್ರೆ?… ಬೇಡ ಅಮ್ಮಾ, ಕಾರು ಬೇಡ ಅಂತ ಟಿಕೆಟ್ ಕಚೇರಿಗೆ ಹೇಳ್ಬೇಡಿ. ರೈಲು ಬೇಡ, ನಿಮ್ಮ ಬೆನ್ನಿಗೆ ಆಗೋದಿಲ್ಲ. ಮೂರು ಕಡೆ ಇಳಿದು ಹತ್ತಬೇಕು… ಕೇಳಿ, ನಾನು ಬರ್ತೇನೆ, ನಾನೇ ಓಡಿಸ್ತೇನೆ… ಅಮ್ಮಾ… ಹಲೋ… ಹಲೋ…