ತಲುಪಿದೆ ಅನ್ನುವ ಮಾತು

ಸೆರೆಂಗೆಟಿಯ ಆ ಕ್ಯಾಂಪಿನಲ್ಲಿ ಅಡುಗೆ ಚಪ್ಪರದಿಂದ ಗಾಡಿ ನಿಲ್ಲಿಸುವ ಜಾಗಕ್ಕೆ ನೂರೈವತ್ತು ಹೆಜ್ಜೆ. ನಡುವೆ ಒಂದು ದೊಡ್ಡ ಅತ್ತಿಮರ. ನಮ್ಮ ಪಕ್ಕದ ಮನೆಯ ಎಲಿಯಾಮನಿ ಆ ಹಾದಿಯಲ್ಲಿ ಹದಿನಾರು ವರ್ಷ ಓಡಾಡಿದವನು. ಸ್ವಂತ ಗಾಡಿ. ಪ್ರವಾಸಿಗರಿಗೆ ಪ್ರಾಣಿ ತೋರಿಸುವುದು ಅವನ ಕೆಲಸ. ಕತ್ತಲೆಗೆ ಹೆದರುವವನಲ್ಲ. ಕತ್ತೆಕಿರುಬ ಕೂಗಿದರೆ ಎಷ್ಟು ದೂರದಲ್ಲಿದೆ ಎಂದು ಮಲಗಿದಲ್ಲೇ ಹೇಳಬಲ್ಲ.

ಆ ರಾತ್ರಿ ಮಾತ್ರ ಅತ್ತಿಮರದ ಕೆಳಗೆ ನಿಂತುಬಿಟ್ಟ.

ತಪ್... ತಪ್... ಬಾವಲಿಗಳು ಕಚ್ಚಿ ಬೀಳಿಸುತ್ತಿದ್ದ ಹಣ್ಣು. ಅದಲ್ಲ. ಈ ಇನ್ನೊಂದು ಸದ್ದು ಅವನ ಗಾಡಿಯೊಳಗಿಂದ ಬರುತ್ತಿತ್ತು. ಕರ್‌ರ್... ಟಕ್. ಮತ್ತೆ, ಕರ್‌ರ್... ಟಕ್. ಯಾರೋ ರೇಡಿಯೊದ ಗುಂಡಿ ಒತ್ತಿ, ಏನೂ ಮಾತಾಡದೆ ಬಿಟ್ಟ ಹಾಗೆ.

ಅವನ ಗಾಡಿಯಲ್ಲಿ ರೇಡಿಯೊ ಇರಲಿಲ್ಲ.

ಅರುಷಾ ಪಟ್ಟಣದಿಂದ ಹೊರಡುವ ಹಿಂದಿನ ದಿನ ಅದು ಕೆಟ್ಟಿತ್ತು. ಪೆಟ್ಟಿಗೆಯನ್ನು ಬಿಚ್ಚಿ ರಿಪೇರಿಗೆ ಕೊಟ್ಟು ಬಂದಿದ್ದ. ಉಳಿದದ್ದು ಕೈಯಲ್ಲಿ ಹಿಡಿದು ಮಾತಾಡುವ ಮೈಕು ಒಂದೇ. ಅದು ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಸುರುಳಿ ವೈರಿನ ತುದಿ ಎಲ್ಲಿಗೂ ಸೇರದೆ ಜೋತುಬಿದ್ದಿತ್ತು. ನಾಲ್ಕು ದಿನದಿಂದ, ಮನ್ಯಾರಾ ಸರೋವರದಲ್ಲಿ, ಗೊರೊಂಗೊರೊದ ಬಟ್ಟಲಿನಂಥ ಕಣಿವೆಯಲ್ಲಿ, ಎದುರಿಗೆ ಬಂದ ಗಾಡಿಗಳನ್ನು ಕೈಮಾಡಿ ನಿಲ್ಲಿಸಿ ಪ್ರಾಣಿ ಎಲ್ಲಿ ಎಂದು ಕೇಳುತ್ತಿದ್ದ.

"ಕಳಕೊಂಡ ಹಸು ಹುಡುಕೋನ ಥರ ಆಗೋದೆ ನೋಡು," ಎಂದು ಅಡುಗೆಯ ಸೆಂಕೊರೊ ದಾರಿಯುದ್ದಕ್ಕೂ ಅಣಕಿಸಿದ್ದ.

ಅದೇ ಸೆಂಕೊರೊ ಆ ರಾತ್ರಿ ಊಟದ ಹೊತ್ತಿಗೆ ಉಗಾಲಿ ಮುದ್ದೆ ಮುರಿಯುತ್ತಾ ಕೇಳಿದ.

"ಮಧ್ಯಾಹ್ನ ಆ ಹಳ್ಳ ದಾಟುವಾಗ ಯಾಕಣ್ಣ, ಕಣ್ಣು ಮುಚ್ಕೊಂಡೇ ಓಡಿಸಿದೆ?"

"ಬಿಸಿಲು."

"ಬಿಸಿಲಂತೆ! ನಸ್ಸಾರಿ ನೆನಪಾದ ಅನ್ನು. ಅಂಥ ಹುಷಾರಿನವನು ತುಂಬಿದ ಹಳ್ಳಕ್ಕೆ ಹೇಗೆ ಇಳಿದನೋ... ಕುಡಿದಿದ್ದ ಅಂತಾರೆ."

ನಸ್ಸಾರಿ ಜೀವಮಾನದಲ್ಲಿ ಕುಡಿದವನಲ್ಲ. ಎಲಿಯಾಮನಿಗೆ ಅದು ಗೊತ್ತು. ಚಿಕ್ಕಂದಿನಿಂದ ಜೊತೆಗಿದ್ದವರು ಅವರು.

"ಅಂತಾರೆ," ಅಂದ. ಅಷ್ಟೇ. ಅರ್ಧಕ್ಕೇ ಎದ್ದುಬಂದ.

ನಡೆದದ್ದು ಹೀಗೆ. ರೇಡಿಯೊದಲ್ಲಿ ಚಾಲಕರಿಗೆ ಅವರದೇ ಮಾತು. ಸಿಂಹದ ಹೆಸರು ಎತ್ತಿದರೆ ಹಿಂದೆ ಕೂತವರಿಗೆ ಆಸೆ ಹುಟ್ಟುತ್ತದೆ, ಸಿಗದಿದ್ದರೆ ಮುಖ ಊದಿಸುತ್ತಾರೆ. ಅದಕ್ಕೆ ಸಿಂಹ ಎಂದರೆ ಮೀಸೆ. ಚಿರತೆ ಎಂದರೆ ಚುಕ್ಕೆ. ಇನ್ನೊಂದು ಕಟ್ಟುಪಾಡೂ ಇದೆ. ಒಬ್ಬ ಜಾಗ ಹೇಳಿದರೆ, ಹೋದವನು ಅಲ್ಲಿಂದ 'ತಲುಪಿದೆ, ಉಪಕಾರವಾಯ್ತು' ಅನ್ನಬೇಕು. ಆ ಮಾತು ಬರುವವರೆಗೂ ಹೋದವನ ಹೊಣೆ ಹೇಳಿದವನದು.

ಎರಡು ವರ್ಷದ ಹಿಂದೆ, ಏಪ್ರಿಲ್ ಮಳೆಯಲ್ಲಿ, ಎಲಿಯಾಮನಿಗೆ ಒಂದು ಚುಕ್ಕೆ ಸಿಕ್ಕಿತ್ತು. ಮರಿಗಳ ಸಮೇತ, ಕೊಂಬೆಯ ಮೇಲೆ. ಇನ್ನೊಂದು ಗಾಡಿ ಬಂದರೂ ಇಳಿದು ಹುಲ್ಲು ಸೇರುತ್ತಿತ್ತು. ಅಷ್ಟರಲ್ಲಿ, ಅವರಿಬ್ಬರೇ ಬಳಸುತ್ತಿದ್ದ ಚಾನೆಲ್ಲಿನಲ್ಲಿ ನಸ್ಸಾರಿ ಕೇಳಿದ. "ಎಲಿಯಾ, ಚುಕ್ಕೆ ಏನಾದ್ರೂ ಸಿಕ್ತೇನೋ?"

"ಹಳ್ಳದ ಆಚೆ ದಡ, ಎರಡನೇ ಮರ. ಬೇಗ ಹೋಗು."

ನಗುತ್ತಲೇ ಹೇಳಿದ. ಸಂಜೆ ಸಿಕ್ಕಾಗ ಬೈಸಿಕೊಂಡರಾಯ್ತು ಅಂತ.

ಮೇಲೆಲ್ಲೋ ಮಳೆ ಸುರಿದಿತ್ತು. ಗಾಡಿ ಹಳ್ಳದ ನಡುವೆ ಇದ್ದಾಗ ನೀರು ನುಗ್ಗಿತು. ಹಿಂದೆ ಕೂತಿದ್ದ ಮೂವರನ್ನೂ ನಸ್ಸಾರಿ ಗಾಡಿಯ ತಲೆ ಮೇಲೆ ಹತ್ತಿಸಿದ. ಅವರು ಉಳಿದರು. ಅವರಿಗೆ ಭಾಷೆ ಬಾರದು, ರೇಡಿಯೊದಲ್ಲಿ ಏನು ಮಾತಾಯಿತೋ ತಿಳಿಯದು. ನಸ್ಸಾರಿ ಸಿಕ್ಕಿದ್ದು ಮೂರನೇ ದಿನ.

ಯಾಕೆ ಇಳಿದ ಎಂದು ಎಲ್ಲರೂ ಕೇಳಿದರು. ಗೊತ್ತಿದ್ದವನು ಶವದ ಪೆಟ್ಟಿಗೆಗೆ ಹೆಗಲು ಕೊಟ್ಟ, ಗುಂಡಿಗೆ ಮಣ್ಣು ಹಾಕಿದ, ಬಾಯಿ ಬಿಡಲಿಲ್ಲ. ಕುಡಿದಿದ್ದ ಅನ್ನುವ ಮಾತು ಆಮೇಲೆ ಎಲ್ಲಿಂದಲೋ ಹುಟ್ಟಿತು. ನಸ್ಸಾರಿಯ ಹೆಂಡತಿ ಚರ್ಚಿನಲ್ಲಿ ಹಾಡುವುದು ನಿಲ್ಲಿಸಿದಳು. ಹಿಂದಿನ ಬೆಂಚಿನಲ್ಲಿ ಕೂತು, ಜನ ಏಳುವ ಮೊದಲೇ ಎದ್ದು ಹೋಗುತ್ತಿದ್ದಳು.

ಕರ್‌ರ್... ಟಕ್.

ಎಲಿಯಾಮನಿ ಗಾಡಿಯ ಬಾಗಿಲು ತೆಗೆದ. ಹಸಿ ಕೆಸರಿನ ವಾಸನೆ ಮುಖಕ್ಕೆ ಬಡಿಯಿತು. ಸೆಪ್ಟೆಂಬರ್ ಅದು. ಮಳೆ ಕಂಡು ಮೂರು ತಿಂಗಳಾಗಿತ್ತು. ಕೊಕ್ಕೆಯಲ್ಲಿದ್ದ ಮೈಕು ತಾನಾಗಿ ಅಲ್ಲಾಡುತ್ತಿತ್ತು.

"ಎಲಿಯಾ..."

ಗಂಟಲಲ್ಲಿ ನೀರು ನಿಂತವನ ದನಿ. ಮಾತಿನ ನಡುವೆ ಬುಳ್... ಬುಳ್...

"ಎಲಿಯಾ... ದಾಟಿದೆ ಕಣೋ. ಎರಡನೇ ಮರ... ಚುಕ್ಕೆ ಕಾಣಿಸ್ತಿಲ್ಲ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ತಾನೇ ಸರಿಯಾಗಿ ನೋಡುತ್ತಿಲ್ಲವೇನೋ ಅನ್ನುವಂತಿತ್ತು. ಬೈದಿದ್ದರೆ ಎಲಿಯಾಮನಿ ತಡೆದುಕೊಳ್ಳುತ್ತಿದ್ದ.

"ಮೂರನೇ ಮರವಾ?... ಇನ್ನೂ ಮುಂದಕ್ಕೆ ಹೋಗ್ಲಾ?"

ಎಲಿಯಾಮನಿ ಮೈಕು ತೆಗೆದುಕೊಂಡ. ಹೆಬ್ಬೆರಳಿಂದ ಗುಂಡಿ ಒತ್ತಿದ. ಪಿಸುದನಿಯಲ್ಲಿ ಹೇಳಿದ.

"ಹೋಗಬೇಡ ಕಣೋ... ಅಲ್ಲಿ ಚುಕ್ಕೆ ಇಲ್ಲ. ಇರಲೇ ಇಲ್ಲ. ನನ್ನ ಹತ್ರ ಇತ್ತು. ನೀನು ಬರಬಾರದು ಅಂತ ಸುಳ್ಳು ಹೇಳಿ ಹಳ್ಳಕ್ಕೆ ಕಳಿಸಿದೆ. ನೀನು ಕುಡಿದಿರಲಿಲ್ಲ, ನಸ್ಸಾರಿ. ನಾನು ಕಳಿಸಿದ್ದು."

ಟಕ್. ಗುಂಡಿ ಬಿಟ್ಟ.

ಕಾದ. ಆ ಒಂದು ಮಾತು ಬರಲಿ ಅಂತ ಕಾದ. ಏನೂ ಬರಲಿಲ್ಲ. ಅತ್ತಿಹಣ್ಣು ಬಿತ್ತು. ತಪ್... ಬೆಳಗಾಗುವವರೆಗೂ ಮೈಕನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದ.

ಬೆಳಿಗ್ಗೆ ನಲ್ಲಿಯ ಹತ್ತಿರ ಹನ್ನೊಂದು ಮಂದಿ ಚಾಲಕರು ಚಹದ ಲೋಟ ಹಿಡಿದು ನಿಂತಿದ್ದರು. ಯಾರೂ ಕುಡಿಯುತ್ತಿರಲಿಲ್ಲ. ಎಲ್ಲರಿಗಿಂತ ಹಿರಿಯ ಬುರಾ, ತಲೆ ಪೂರ್ತಿ ನರೆತವನು, ಮುಂದೆ ಬಂದ.

"ರಾತ್ರಿ ನೀನು ಅಂದಿದ್ದು ನಿಜವೇನೋ?"

"ಏನಂದೆ?"

"ರೇಡಿಯೊದಲ್ಲಿ. ನನ್ನದು ಆರಿಸಿ ಮಲಗಿದ್ದೆ. ಇವರೆಲ್ಲರದ್ದೂ ಆರಿತ್ತು, ರಾತ್ರಿ ಯಾರು ಹಾಕಿಡ್ತಾರೆ? ಆದರೂ ಕೇಳಿಸ್ತು... ಒಂದೊಂದು ಮಾತೂ."

ಸೆಂಕೊರೊ ಒಲೆಯ ಹತ್ತಿರದಿಂದ ನಕ್ಕ. "ತಮಾಷೆನಾ ಅಣ್ಣ? ಅವನ ಗಾಡೀಲಿ ರೇಡಿಯೊನೇ..."

ಅಷ್ಟು ಸಾಕಿತ್ತು. ಜೋತುಬಿದ್ದ ವೈರು ತೋರಿಸಿದ್ದರೆ ಮಾತು ಅಲ್ಲಿಗೇ ಸಾಯುತ್ತಿತ್ತು. ಎಲಿಯಾಮನಿ ಒಮ್ಮೆ ಗಾಡಿಯ ಕಡೆ ನೋಡಿದ.

"ನಿಜ," ಅಂದ.

ಒಬ್ಬ ಚಹ ನೆಲಕ್ಕೆ ಚೆಲ್ಲಿ ಹೊರಟುಹೋದ.

"ನಸ್ಸಾರಿ ಹೆಂಡತಿಗೆ ನೀನು ಹೇಳ್ತೀಯಾ, ನಾವು ಹೇಳ್ಬೇಕಾ?" ಬುರಾ ಕೇಳಿದ.

"ನಾನೇ ಹೇಳ್ತೀನಿ."

"ಹೇಳು. ಅವನೇನೋ ಆ ಮಾತು ಅಂದುಬಿಟ್ಟ. ದೊಡ್ಡ ಮನಸ್ಸು."

"ಯಾರು?... ಏನಂದ?"

ಚಾಲಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನು ಹೇಳಿ ಮುಗಿಸಿದ ತಕ್ಷಣ," ಅಂದ ಬುರಾ. "'ತಲುಪಿದೆ, ಉಪಕಾರವಾಯ್ತು.' ಎರಡು ಸಲ ಅಂದ. ನಿಂಗೆ ಕೇಳಿಸಲಿಲ್ವಾ?"

ಊರಿಗೆ ಬಂದ ಎಲಿಯಾಮನಿ ಮನೆಗೆ ಹೋಗದೆ ನೇರ ನಸ್ಸಾರಿಯ ಅಂಗಳಕ್ಕೆ ಹೋಗಿ ನಿಂತು ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಂದಿನ ಭಾನುವಾರ ಹಾಡುವವರ ಸಾಲಿನಲ್ಲಿ ನಿಂತಿದ್ದಳು. ನಾವೆಲ್ಲ ನೋಡಿದ್ದೇವೆ.

ಇದು ಕಟ್ಟಿದ್ದಲ್ಲ, ನಡೆದದ್ದು. ಬುರಾ ಇನ್ನೂ ಇದ್ದಾನೆ, ಬೇಕಾದವರು ಕೇಳಬಹುದು. ರಿಪೇರಿಯಾದ ರೇಡಿಯೊ ಪೆಟ್ಟಿಗೆ ಎಲಿಯಾಮನಿಯ ಮನೆಯ ಅಟ್ಟದಲ್ಲಿದೆ. ಅವನು ಅದನ್ನು ಗಾಡಿಗೆ ಕೂಡಿಸಲಿಲ್ಲ. ರಾತ್ರಿ ಊಟವಾದ ಮೇಲೆ ಹೋಗಿ ನಿಂತ ಗಾಡಿಯಲ್ಲಿ ಮೈಕು ಹಿಡಿದು ಕೂರುತ್ತಾನೆ. ನಮ್ಮ ಬೇಲಿಗೂ ಅವನ ಗಾಡಿಗೂ ನಡುವೆ ಇರುವುದು ಒಂದು ಸಾಲು ಬಾಳೆಗಿಡ. ಟಕ್ ಅನ್ನುವುದು ಕೇಳಿಸುತ್ತದೆ. ಅವನು ಗುಂಡಿ ಬಿಟ್ಟದ್ದು. ಆಮೇಲೆ ತುಂಬ ಹೊತ್ತು ಏನೂ ಇರುವುದಿಲ್ಲ...

ಮತ್ತೆ ಟಕ್.