ಅಪ್ಪನ ರೈಫಲ್ಲು, ಅಕ್ಕನ ಭುಜ

ಬಂದೂಕು ರಿಪೇರಿ ಅಂಗಡಿಯ ಬೆಂಚಿನ ಮೇಲೆ ಸರದಿಗೆ ಕಾದಿದ್ದ ಕಂಪೌಂಡರಿಗೆ ಪಕ್ಕದ ಅಕ್ಕ-ತಮ್ಮಂದಿರ ಜಗಳ ಕೇಳಿಸಬಾರದೆಂದಿದ್ದರೆ ಅವರು ಕಿವಿ ಮುಚ್ಚಿಕೊಳ್ಳಬೇಕಿತ್ತು. ಅಂಥ ಮೂರ್ಖತನ ಅವರು ಮಾಡಲಿಲ್ಲ. ರೈಫಲ್ಲು ತಮ್ಮನ ಮಡಿಲಲ್ಲಿತ್ತು.

"ಅಪ್ಪ ಬಿಟ್ಟುಹೋದ ರೈಫಲ್ಲಿಗೆ ಗರಗಸ ಹಾಕ್ಸೋಕೆ ಮನಸ್ಸಾದ್ರೂ ಹೇಗೆ ಬರುತ್ತಕ್ಕಾ?"

"ಅಪ್ಪಂದು ಉದ್ದ ತೋಳು ಕಣೋ. ಹಿಂದಿನ ಮರ ಭುಜಕ್ಕೆ ಆನಿಸಿದ್ರೆ ಟ್ರಿಗರ್‌ಗೆ ನನ್ನ ಬೆರಳೇ ಎಟುಕಲ್ಲ. ಮುಂದಿನ ತಿಂಗಳು ಸ್ಪರ್ಧೆ."

"ಬೇರೆ ತಗೋ."

"ಇಷ್ಟು ನಿಖರವಾಗಿ ಹೊಡೆಯೋದು ಇನ್ನೆಲ್ಲಿ ಸಿಗುತ್ತೆ? ನಿನ್ನ ಹಾಗೆ ಬೀರೂಲಿಟ್ಟು ಬೀಗ ಹಾಕ್ಲಾ?"

"ಇದ್ದದ್ದು ಇದ್ದ ಹಾಗೇ ಇರ್ಲಿ ಅಂದೆ, ಅಷ್ಟೆ."

"ಇದ್ದ ಹಾಗಾ? ಹಿಂದುಗಡೆ ಈ ಗೆರೆ ನೋಡು."

"ಅದು ಬಿರುಕು. ಯಾರಿಗೂ ಕಾಣದ ಹಾಗೆ ವರ್ಷವರ್ಷ ಮೇಣ ತುಂಬ್ತೀನಿ."

"ಬಿರುಕು ಯಾವತ್ತಾದ್ರೂ ಇಷ್ಟು ನೆಟ್ಟಗಿರುತ್ತೇನೋ ಪೆದ್ದಾ? ತನಗೆ ಗಿಡ್ಡ ಆಯ್ತು ಅಂತ ಅಪ್ಪಾನೇ ತುಂಡು ಮರ ಕೂರಿಸಿದ್ದು. ಅಷ್ಟನ್ನೇ ತೆಗೆಸೋದು."

ತಮ್ಮ ಆ ಗೆರೆಯನ್ನು ಹೆಬ್ಬೆರಳಿನಿಂದ ಸವರಿದ. ಕಂಪೌಂಡರೂ ಕತ್ತು ಚಾಚಿದರು.

"ಅಪ್ಪ ತಾವೇ ಮಾಡಿದ್ದಾ?"

"ಇನ್ಯಾರು? ನೀನಾಗ ತೊಟ್ಟಿಲಲ್ಲಿದ್ದೆ."

"ಸರಿ, ತೆಗೆಸು. ಆದ್ರೆ ಆ ತುಂಡು ನಂದು."

"ಅಯ್ಯೋ, ಅದನ್ನಿಟ್ಕೊಂಡು ಏನ್ಮಾಡ್ತೀಯೋ?"

"ಅಪ್ಪನ ಕೈಯಿಂದಾಗಿದ್ದು ಅದೊಂದೇ ತಾನೇ? ಮಿಕ್ಕಿದ್ದೆಲ್ಲ ಕಂಪನೀದು."

ಒಳಗಿನಿಂದ ಕರೆ ಬಂತು. ರೈಫಲ್ಲನ್ನು ಅಕ್ಕನ ಕೈಗಿಟ್ಟು ತಮ್ಮ ಅವಳ ಹಿಂದೆ ನಡೆದ.