ಗೊಂಬೆಗೊಂದು ಕೋಟು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ದರ್ಜಿ ನಿಂತಿದ್ದ; ಅಳತೆಪಟ್ಟಿ ಕೊರಳಲ್ಲೇ ಇತ್ತು. ಅವನ ಮೊಬೈಲು ಪಕ್ಕದಲ್ಲಿದ್ದ ಹೆಂಡತಿಯ ಕೈಯಲ್ಲಿತ್ತು; ಮೊಬೈಲ್ ಆಟಕ್ಕೆ ದುಡ್ಡು ಕಟ್ಟಿದ ಮೆಸೇಜು ಅವಳ ಕಣ್ಣಿಗೆ ಬಿದ್ದಿತ್ತು.

“ಆಟ ಪುಕ್ಕಟೆ ಅಂದಿದ್ರಲ್ಲ?”

“ಆಟ ಪುಕ್ಕಟೇನೇ. ಬಟ್ಟೆಗೆ ಮಾತ್ರ ದುಡ್ಡು.”

“ಆನೆ ಪುಕ್ಕಟೆ ಕೊಟ್ಟು ಅಂಕುಶಕ್ಕೆ ರೇಟು ಹಾಕಿದಾರೆ. ದರ್ಜಿಯಾಗಿ ಆಟದ ಗೊಂಬೆಗೆ ಕೋಟು ಕೊಂಡ್ರಾ?”

“ಅವರ ಜಾಣತನ ನೋಡು. ಒಂದೇ ಸಲ ಹೊಲಿದು ಊರಿಗೆಲ್ಲ ಮಾರ್ತಾರೆ. ದಾರ ಬೇಡ, ಗುಂಡಿ ಬೇಡ, ತೋಳು ಬಿಗಿ ಅಂತ ಯಾರೂ ವಾಪಸ್ ಬರಲ್ಲ.”

“ಹಾಕ್ಕೊಂಡ್ರೆ ಗೆಲ್ತೀರಾ?”

“ಇಲ್ಲ. ಚೆಂದ ಕಾಣ್ತೀನಿ, ಅಷ್ಟೇ.”

“ಯಾವ ಬಣ್ಣ?”

“ನೀಲಿ. ಬೆನ್ನ ಮೇಲೆ ನವಿಲು.”

ಅವಳು ಮೊಬೈಲಿನಿಂದ ತಲೆ ಎತ್ತಿದಳು.

“ನಿನ್ನೆ ಆಟದಲ್ಲಿ ನನ್ನನ್ನ ಸೇತುವೆಯಿಂದ ತಳ್ಳಿದ್ದು ನೀವೇನಾ?”

“ಆ ಚಿನ್ನದ ಕಿರೀಟದವಳು ನೀನಾ? ಕಿರೀಟಕ್ಕೆ ಡಬಲ್ ರೇಟು ಕಣೇ.”

“ಬಸ್ ಬಂತು, ಹತ್ತಿ,” ಎಂದು ಅವಳೇ ಮೊದಲು ಹತ್ತಿಬಿಟ್ಟಳು.